ಅಡ್ಡಹೆಸರು: ಪಣತಿ

ಸೊಹಾರಿನ ಪೊಲೀಸ್ ಕಚೇರಿ, ಬತಾಕಾ ನವೀಕರಣದ ಸರದಿ.
ಗಾಜಿನಾಚೆಯ ಹುಡುಗಿ ನನ್ನ ಕಾಗದ ನೋಡಿದಳು,
ಮೀಸೆ ನೋಡಿದಳು, ಮತ್ತೆ ಕಾಗದ.
'ಬಿಂತಿ?' ಅಂದಳು.
ನಗು ತಡೆಯಲು ಕರಿ ಶೇಲೆಯ ಅಂಚು ಬಾಯಿಗೊಯ್ದಳು.

ತಪ್ಪು ಅವಳದಲ್ಲ. ಟೈಪಿಂಗ್ ಸೆಂಟರಿನ ತಲಶ್ಶೇರಿಯವನದೂ ಅಲ್ಲ.
ಅರಬಿಯಲ್ಲಿ 'ಪ' ಇಲ್ಲ, 'ಣ' ಇಲ್ಲ,
ಸಣ್ಣ ಸ್ವರಗಳನ್ನು ಬರೆಯುವ ರೂಢಿಯೇ ಇಲ್ಲ;
ಓದುವವರು ನಾಲಿಗೆಯಿಂದ ತುಂಬಿಕೊಳ್ಳಬೇಕು.
ಹಾಗಾಗಿ ಫಕ್ಕೀರಪ್ಪನೊಳಗಿನ ಅಪ್ಪ ಅಬ್ಬನಾದ,
ನಿಂಗಪ್ಪನೊಳಗಿನವನೂ ಅಬ್ಬನಾದ,
ಕೊನೆಗೆ ಬಂದ ಪಣತಿ
ಬ, ನ, ತ, ಈ ಎಂಬ ನಾಲ್ಕು ಎಲುಬಾಗಿ ನಿಂತಿತು.
ಅದಕ್ಕೆ ಅವಳು ತನಗೆ ಗೊತ್ತಿದ್ದ ಮಾಂಸ ಹಚ್ಚಿದಳು:
ಬಿಂತಿ. ನನ್ನ ಮಗಳು.

ಬಂದರಿನಲ್ಲಿ ಕ್ರೇನಿನ ವೈರು ಜೋಡಿಸುವ
ನಲವತ್ತಾರರ ಗಂಡಸು ಒಮಾನದ ಕಡತದಲ್ಲಿ
ನನ್ನ ಮಗಳು.

ಕ್ಯಾಂಪಿನಲ್ಲಿ ಇದು ಒಂದು ವಾರ ನಡೆಯಿತು.
'ಬಿಂತಿ, ಉಪ್ಪು ಕೊಡು.'
ಇಳಕಲ್ಲಿನ ಮೌಲಾಸಾಬ: 'ಬಿಂತಿ, ನಿನಗೊಂದು ವರಾ ನೋಡೀನಿ.'

ನಾನು ಈ ಹೆಸರನ್ನು ಹಗುರಾಗಿ ಹೊತ್ತವನಲ್ಲ.
ಹನ್ನೊಂದು ವರ್ಷದಿಂದ, ಶುಕ್ರವಾರ ಶುಕ್ರವಾರ,
ಫೋನ್ ಹಚ್ಚಿ ಪಣತಿಗಳನ್ನು ಎಣಿಸಿದವ.
ಮುಳಗುಂದದ ಒಂದೇ ಓಣಿಯಲ್ಲಿ ಇಪ್ಪತ್ತೆರಡು,
ಶಿರಹಟ್ಟಿಯಲ್ಲಿ ಒಂಬತ್ತು (ಇಬ್ಬರು ಮಾತಾಡುವುದಿಲ್ಲ, ಬದುವಿನ ಜಗಳ),
ಮಿಲ್ಲಿಗೆ ಹೋಗಿ ಸೊಲ್ಲಾಪುರದಲ್ಲೇ ಉಳಿದವರು ಏಳು,
ಅವರೀಗ ಪಣತೀಕರ; ಆದರೂ ಬಿಟ್ಟುಕೊಡಲಿಲ್ಲ.
ಸಮುದ್ರದ ಈ ಕಡೆ ನಾನೊಬ್ಬ.
ಮೂವತ್ತೊಂಬತ್ತು.
ಪಾಟೀಲರು ಯಾರ ಎಣಿಕೆಗೂ ಸಿಗುವವರಲ್ಲ.
ನಾವು ಒಂದೇ ಬಸ್ಸಿನಲ್ಲಿ ಕೂತರೂ
ಹಿಂದಿನ ಸೀಟು ಖಾಲಿ ಉಳಿಯುತ್ತದೆ.

ಹೆಸರು ಬಂದದ್ದೆಲ್ಲಿಂದ?
ಬಸವಣ್ಣೆಪ್ಪ ಕಾಕಾ: 'ದೇಸಾಯರ ವಾಡೇದ ಮುಂದ ದೀಪಾ ಹಿಡದವರು ನಾವು.'
ದೇಸಾಯರಿಲ್ಲದೆ ಅವನ ಯಾವ ಕಥೆಯೂ ಹೊಸ್ತಿಲು ದಾಟದು.
ಶಿರಹಟ್ಟಿಯವರು: ಹಿರಿಯನೊಬ್ಬ ಕುಂಬಾರಿಕೆ ಕಲಿಯಹೋದ,
ಕೊಡ ಒಡೆಯಿತು, ಗಡಿಗೆ ಸೊಟ್ಟಾಯಿತು,
ಕೈಗೆ ಹತ್ತಿದ್ದು ಪಣತಿ ಒಂದೇ.
ಹೆಳವ ಎತ್ತಿನ ಮೇಲೆ ಕೂತೇ ಹೊತ್ತಿಗೆ ಬಿಚ್ಚಿ
ಏಳು ತಲೆ ಓದಿದ, ಒಂದು ಚೀಲ ಜೋಳ ಒಯ್ದ.
ನಿಂಗಪ್ಪನ ಮಗ ಫಕ್ಕೀರಪ್ಪ, ಅವನ ಮಗ ನಿಂಗಪ್ಪ,
ಏಳು ತಲೆಯಲ್ಲಿ ಒಂದು ಬಳೆಯ ಸದ್ದಿಲ್ಲ.

ನೀಲವ್ವತ್ತಿ ಒಬ್ಬಳೇ ಬೇರೆ ಹೇಳಿದ್ದಳು,
ಕಡ್ಲಿ ಹಸನು ಮಾಡುತ್ತ, ತಲೆ ಎತ್ತದೆ:
'ಗಂಡನ ಮನಿ ಬಿಟ್ಟು ಬಂದಾಕಿ ಒಬ್ಬಾಕಿ ಇದ್ಳಂತ.
ಹಳ್ಳಾ ದಾಟೋ ಮಂದಿಗೆ ದಂಡಿ ಕಾಣಲಿ ಅಂತ
ದಿನಾ ಒಂದು ಪಣತಿ ಹಚ್ಚಿ ಇಡತಿದ್ಳಂತ.
ಪಣತಿ ಮನಿ ಅಂದ್ರ ಆಕಿದು.
ಆಕಿ ಹೆಸರಾ? ಅದನ್ಯಾರು ಇಟ್ಕೊಂಡಾರ.'
ಪುರಾವೆ ಇಲ್ಲವೆಂದು ನಾನು ಬರೆದುಕೊಳ್ಳಲಿಲ್ಲ.
ಉಳಿದೆರಡಕ್ಕೂ ಪುರಾವೆ ಇರಲಿಲ್ಲ,
ಬರೆದುಕೊಂಡಿದ್ದೆ.

ಮೊನ್ನೆ ಮತ್ತೆ ಅದೇ ಕಚೇರಿ.
ಹೆಸರು ತಿದ್ದಿಸುವ ಅರ್ಜಿ ಕಿಸೆಯಲ್ಲಿತ್ತು.
ಒಳಗಿನಿಂದ ಮುದುಕನೊಬ್ಬ, ಕಂಡದ್ದನ್ನು ಕಂಡ ಹಾಗೇ ಕೂಗಿದ:
'ಬಿಂತಿ!'
ನಾನು ಎದ್ದೆ.
ಎದುರು ಬೆಂಚಿನಲ್ಲಿ ಅಪ್ಪನ ತೊಡೆ ಏರಿ
ಜ್ಯೂಸ್ ಹೀರುತ್ತಿದ್ದ ನಾಲ್ಕು ವರ್ಷದ್ದೂ
ಸಟ್ಟನೆ ತಲೆ ಎತ್ತಿತು.
ಒಬ್ಬರನ್ನೊಬ್ಬರು ನೋಡಿದೆವು,
ಕರೆದದ್ದು ಯಾರನ್ನೆಂದು.

ಜನವರಿಗೆ ಕಸ್ತೂರಿಯ ಮದುವೆ, ಲಕ್ಷ್ಮೇಶ್ವರದ ಗಂಡು.
ನೋಟ್‌ಬುಕ್ಕಿನಲ್ಲಿ ನಾನಾಗಲೇ
ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೆ: ಮೂವತ್ತೆಂಟು.

ಸಂಜೆ ಮೀನು ಮಾರ್ಕೆಟ್ಟಿನ ಹಿಂದೆ, ದೋಣಿಗಳ ಪಕ್ಕ,
ಅರ್ಜಿ ಕಿಸೆಯಲ್ಲೇ ಬೆವರುತ್ತಿತ್ತು, ಊರಿಗೆ ಫೋನ್ ಹಚ್ಚಿದೆ.
'ಅತ್ತಿ, ನಮ್ಮ ಮನಿಂದ ಕೊಟ್ಟು ಕಳಿಸಿದ ಹೆಣ್ಮಕ್ಕಳು ಎಷ್ಟು?'
'ಸತ್ತವ್ರೂ ಬೇಕೇನು?'
'ಎಲ್ಲಾರೂ.'
ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ
'ನಾ ಒಬ್ಬಾಕಿ. ಗಿರಿಜವ್ವ. ಬ್ಯಾಡಗಿಗೆ ಕೊಟ್ಟ ಶಂಕ್ರವ್ವ.
ಬಾವಿಗೆ ಬಿದ್ದಾಕಿ, ಆಕಿ ಹೆಸರು ತಡೀ, ಬರತೈತಿ...'
ಒಂದೊಂದು ಬೆರಳು ಮಡಚಿದಾಗಲೂ
ಬಳೆ ಜಾರುವುದು ಕೇಳುತ್ತಿತ್ತು.

ಹದಿನೇಳಕ್ಕೆ ಕಾರ್ಡಿನ ದುಡ್ಡು ಮುಗಿಯಿತು.
ಲೈನ್ ಸತ್ತದ್ದು ತಿಳಿಯದೆ
ಆಕೆ ಅಲ್ಲಿ ಇನ್ನೂ ಎಣಿಸುತ್ತಿರಬೇಕು.